ಮೀನಿಗೆ ಬಣ್ಣ ಹಾಕಿದ್ದು ಯಾರು, ಹೆಸರು ಉಳಿದದ್ದು ಯಾರದ್ದು?

ಇವತ್ತಿನ ಕತೆ ಹಳೇ ಕಾಲದ ಮೀನಿನ ಚಿತ್ರಗಳದ್ದು. ಇನ್‌ಸ್ಟಾಗ್ರಾಮ್‌ನಲ್ಲೋ, ಯಾವುದೋ ಕೆಫೆಯ ಗೋಡೆ ಮೇಲೋ ನೀವು ಇವನ್ನ ನೋಡೇ ಇರ್ತೀರಿ. ಹಳದಿಗೆ ತಿರುಗಿದ ಕಾಗದ, ನಡುವೆ ಒಂದೇ ಒಂದು ಮೀನು, ಮೈಮೇಲೆ ನೀಲಿ, ಹಸಿರು, ಬೆಳ್ಳಿ ಹೊಳಪು.

ಇಂಥ ಚಿತ್ರಗಳಲ್ಲಿ ತುಂಬ ಹೆಸರಾದದ್ದು ಮಾರ್ಕುಸ್ ಎಲೀಸರ್ ಬ್ಲಾಖ್ ಅನ್ನುವ ಬರ್ಲಿನ್ ವೈದ್ಯನ ಪುಸ್ತಕ. 1723ರಲ್ಲಿ ಬಡ ಯಹೂದಿ ಕುಟುಂಬದಲ್ಲಿ ಹುಟ್ಟಿದವನು. ಮೀನಿನ ಪುಸ್ತಕ ಹೊರತರೋಕೆ ಶುರು ಮಾಡಿದಾಗ ವಯಸ್ಸು ಅರವತ್ತರ ಹತ್ತಿರ! 1782ರಿಂದ 1795ರವರೆಗೆ 12 ಭಾಗ, 432 ಚಿತ್ರಗಳು.

ಈಗ ಕೆಲಸ ಹೇಗೆ ನಡೀತಿತ್ತು ನೋಡಿ. ಮೊದಲು ಚಿತ್ರಕಾರ ಮೀನನ್ನ ಬರೀತಾನೆ. ಇನ್ನೊಬ್ಬ ಅದನ್ನ ತಾಮ್ರದ ತಗಡಿನ ಮೇಲೆ ಕೊರೀತಾನೆ. ಕೊರೆದ ಗೆರೆಗೆ ಮಸಿ ತುಂಬಿ ಕಾಗದದ ಮೇಲೆ ಒತ್ತಿದರೆ ಚಿತ್ರ ರೆಡಿ, ಆದರೆ ಬರೀ ಕಪ್ಪು ಬಿಳುಪು. ಆಮೇಲೆ ಪ್ರತಿಯೊಂದು ಹಾಳೆಗೂ ಕೈಯಿಂದಲೇ ಬಣ್ಣ. ಹೊಳಪು ಬರಲಿ ಅಂತ ಚಿನ್ನ, ಬೆಳ್ಳಿಯ ಪುಡಿ ಬೇರೆ. ನೂರೇ ನೂರು ಪ್ರತಿ ಅಂತ ಲೆಕ್ಕ ಹಾಕಿ: 43,200 ಹಾಳೆ ಆಯ್ತು. ಎರಡು ಪ್ರತಿಗಳ ಬಣ್ಣ ಪೂರ್ತಿ ಒಂದೇ ಥರ ಇರೋದಿಲ್ಲ ಅನ್ನೋದು ಇದಕ್ಕೇ.

ನಾನು ಬಿಕಾಂ ಓದಿದವನು, ಹಾಗಾಗಿ ನನ್ನ ಮೊದಲ ಪ್ರಶ್ನೆ: ದುಡ್ಡು ಯಾರು ಹಾಕಿದ್ರು? ಶುರುವಿನಲ್ಲಿ ಬ್ಲಾಖ್ ತನ್ನ ಜೇಬಿನಿಂದಲೇ ಹಾಕಿದ. ಪುಸ್ತಕಕ್ಕೆ ಹೆಸರು ಬಂದ ಮೇಲೆ ರಾಜಮನೆತನದವರು, ಸಿರಿವಂತರು ಮುಂದೆ ಬಂದರು. ಖರ್ಚು ಕೊಟ್ಟವರ ಹೆಸರು ಚಿತ್ರದ ಕೆಳಗೇ ಅಚ್ಚಾಗ್ತಿತ್ತು. ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆದಿರ್ತಾರಲ್ಲ, ಹಾಗೇ. ಚಿತ್ರ ಬರೆದವನ, ತಗಡು ಕೊರೆದವನ ಹೆಸರು ಮೂಲೆಯಲ್ಲಿ ಸಣ್ಣಕ್ಷರದಲ್ಲಿ. ಆ ಸಾವಿರಾರು ಹಾಳೆಗಳಿಗೆ ಬಣ್ಣ ತುಂಬಿದವರ ಹೆಸರು? ಚಿತ್ರದ ಮೇಲೆ ಎಲ್ಲೂ ಇಲ್ಲ.

ಇನ್ನು ಆ ಬಣ್ಣವಾದರೂ ನಿಜವಾ? ಬಲೆಯಿಂದ ಈಗಷ್ಟೇ ತೆಗೆದ ಬಂಗುಡೆ ನೋಡಿದ್ದೀರಾ? ಬೆನ್ನು ನೀಲಿ-ಹಸಿರಾಗಿ ಮಿರಮಿರ ಮಿಂಚ್ತಿರುತ್ತೆ. ಮಾರ್ಕೆಟ್ ಬುಟ್ಟಿಗೆ ಬರೋ ಹೊತ್ತಿಗೆ ಆ ಮಿಂಚು ಅರ್ಧ ಹೋಗಿರುತ್ತೆ. ಬ್ಲಾಖ್‌ಗೆ ದೂರದ ಸಮುದ್ರದ ಮೀನು ಬರ್ತಿದ್ದದ್ದು ಸ್ಪಿರಿಟ್‌ನಲ್ಲಿ ಮುಳುಗಿ, ಇಲ್ಲಾ ಒಣಗಿ, ತಿಂಗಳುಗಟ್ಟಲೆ ಹಡಗಿನ ಪ್ರಯಾಣ ಮಾಡಿ. ಅಂಥ ಮೀನಿನಲ್ಲಿ ಬಣ್ಣ ಎಲ್ಲಿ ಉಳಿಯುತ್ತೆ? ಹಾಗಾಗಿ ಕಾಗದದ ಮೇಲಿನ ಎಷ್ಟೋ ಬಣ್ಣ ಬರೀ ಊಹೆ.

ಹಾಗಂತ ಪುಸ್ತಕ ಸುಳ್ಳು ಅಂತಲ್ಲ. ಆಕಾರ, ರೆಕ್ಕೆ, ಹುರುಪೆ ಹೆಚ್ಚಾಗಿ ಎದುರಿಗಿದ್ದ ಮೀನು ನೋಡಿಯೇ ಬರೆದದ್ದು. ಅವನು ಕೂಡಿಟ್ಟ ಮೀನುಗಳಲ್ಲಿ ಸುಮಾರು 800 ಬರ್ಲಿನ್ ಮ್ಯೂಸಿಯಂನಲ್ಲಿ ಇವತ್ತಿಗೂ ಇವೆ. ಅದರಲ್ಲಿ ನಮ್ಮ ಕಡೆಯವೂ ಉಂಟು. ತಮಿಳುನಾಡಿನ ತರಂಗಂಬಾಡಿ ಆಗ ಡೆನ್ಮಾರ್ಕಿನ ಕೈಲಿತ್ತು. ಅಲ್ಲಿದ್ದ ಪಾದ್ರಿ ಕ್ರಿಸ್ಟೋಫ್ ಸ್ಯಾಮುಯೆಲ್ ಜಾನ್ ಬ್ಲಾಖ್‌ಗೆ ಮೀನು ಕಳಿಸ್ತಿದ್ದ. ಅದಕ್ಕೆ ಥ್ಯಾಂಕ್ಸ್ ಅಂತ ಒಂದು ಇಡೀ ಮೀನಿನ ಕುಲಕ್ಕೆ 'ಜೋನಿಯಸ್' ಅಂತ ಹೆಸರಿಟ್ಟರು. ಕಳಿಸಿದವನ ಹೆಸರು ವಿಜ್ಞಾನದಲ್ಲಿ ಸೇರಿತು. ಹಿಡಿದ ಬೆಸ್ತರದ್ದು ಸೇರಲಿಲ್ಲ.

ಆದರೆ ಅದೇ ಕರಾವಳಿಯಲ್ಲಿ, ಇನ್ನೊಂದು ಸ್ವಲ್ಪ ಉತ್ತರಕ್ಕೆ, ವಿಶಾಖಪಟ್ಟಣದಲ್ಲಿ ಬೇರೆಯದೇ ಆಯ್ತು. ಈಸ್ಟ್ ಇಂಡಿಯಾ ಕಂಪನಿಯ ಪ್ಯಾಟ್ರಿಕ್ ರಸೆಲ್ ಅಲ್ಲಿ ಮೀನು ಸಂಗ್ರಹಿಸ್ತಿದ್ದ. ಹೌದು, ನಮ್ಮ ಕೊಳಕುಮಂಡಲ ಹಾವಿಗೆ ಇಂಗ್ಲಿಷಿನಲ್ಲಿ ಇರೋದು ಇದೇ ರಸೆಲ್ ಹೆಸರು. ಅಲ್ಲಿಯ ಒಬ್ಬ ಭಾರತೀಯ ಚಿತ್ರಕಾರನಿಂದ ಚಿತ್ರ ಬರೆಸಿ, 1803ರಲ್ಲಿ ಲಂಡನ್ನಿನಲ್ಲಿ 200 ಮೀನುಗಳ ಪುಸ್ತಕ ಹೊರತಂದ. ಬ್ಲಾಖ್ ಪುಸ್ತಕದ ಚಿನ್ನ-ಬೆಳ್ಳಿ ಇದರಲ್ಲಿಲ್ಲ, ಕಪ್ಪು ಬಿಳುಪಿನ ಸಾದಾ ಚಿತ್ರ. ಮುಖಪುಟದಲ್ಲಿ ಇರೋದೂ ರಸೆಲ್ ಹೆಸರೇ. ಆದರೆ ಆತ ಒಂದು ಒಳ್ಳೇ ಕೆಲಸ ಮಾಡಿದ: ಅಲ್ಲಿಯವರು ಮೀನನ್ನ ಏನಂತ ಕರೀತಿದ್ರೋ ಅದನ್ನೇ, ಕಿವಿಗೆ ಬಿದ್ದ ಹಾಗೆ, ಚಿತ್ರದ ಜೊತೆ ಬರೆದಿಟ್ಟ.

ಅದರಲ್ಲೊಂದು 'ಕಾನಗುರ್ತ'. 1816ರಲ್ಲಿ ಫ್ರಾನ್ಸಿನ ವಿಜ್ಞಾನಿ ಕ್ಯುವಿಯೇ ಆ ಚಿತ್ರ ಆಧಾರವಾಗಿಟ್ಟುಕೊಂಡು, ಆ ತೆಲುಗು ಹೆಸರನ್ನೇ ಮೀನಿಗೆ ಇಟ್ಟ. ಇವತ್ತು ಅದರ ವೈಜ್ಞಾನಿಕ ಹೆಸರು ರಾಸ್ಟ್ರೆಲ್ಲಿಗರ್ ಕಾನಗುರ್ತ. ಯಾವ ಮೀನು ಗೊತ್ತಾ? ಮಲ್ಪೆ, ಮಂಗಳೂರಲ್ಲಿ ಮಸಾಲೆ ಹಚ್ಚಿ ತವಾ ಮೇಲೆ ಹಾಕ್ತೀವಲ್ಲ, ಅದೇ ಬಂಗುಡೆ!

ಈ ಕತೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇಷ್ಟೇ. ದುಡ್ಡು ಕೊಟ್ಟು ಚಿತ್ರದ ಕೆಳಗೆ ಹೆಸರು ಹಾಕಿಸಿಕೊಂಡವರನ್ನ ಇವತ್ತು ಹುಡುಕಿ ಓದಬೇಕು. ಆದರೆ ದಡದಲ್ಲಿ ನಿಂತು ಯಾರೋ ಹೇಳಿದ ಒಂದು ಮಾತು, ಬಣ್ಣವೇ ಇಲ್ಲದ ಚಿತ್ರದ ಜೊತೆ ಹೋಗಿ, ಜಗತ್ತಿನ ಎಲ್ಲ ಮೀನಿನ ಪಟ್ಟಿಯಲ್ಲೂ ಕೂತಿದೆ. ಹೇಳಿದವರ ಹೆಸರು ಹೋಯ್ತು, ಮಾತು ಉಳೀತು.

ನಿಮ್ಮೂರಲ್ಲಿ ಬಂಗುಡೆಗೆ ಏನಂತಾರೆ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.