ಸೈಡ್ ಸ್ಕ್ಯಾನ್ ಸೋನಾರ್: ಸಣ್ಣ ದೋಣಿಯಿಂದ ಕೆರೆಯ ತಳದತ್ತ

ಉಬ್ರಾಣಿಯಿರುವ ಚನ್ನಗಿರಿ ತಾಲ್ಲೂಕಿನಲ್ಲಿಯೇ ಸೂಳೆಕೆರೆ ಎಂಬ ಶಾಂತಿಸಾಗರವಿದೆ. ಇಂತಹ ವಿಶಾಲವಾದ, ಆದರೆ ಹೆಚ್ಚು ಆಳವಿಲ್ಲದ ಕೆರೆಗಳಲ್ಲಿ ಸಾಮಾನ್ಯ ಫಿಶ್ ಫೈಂಡರ್ ಉಪಯೋಗ ಅಲ್ಪವೇ. ಅದು ಶಬ್ದತರಂಗವನ್ನು ದೋಣಿಯ ನೇರ ಕೆಳಕ್ಕೆ ಬಿಡುತ್ತದೆ. ತರಂಗದ ಹರವು 20 ಡಿಗ್ರಿಯಾದರೆ 20 ಅಡಿ ನೀರಿನಲ್ಲಿ ಕಾಣುವುದು ಏಳು ಅಡಿ ಅಗಲದ ತಳ ಮಾತ್ರ. ದೋಣಿಯ ಸದ್ದಿಗೆ ಮೀನು ಅಷ್ಟರಲ್ಲಿ ಬದಿಗೆ ಸರಿದಿರುತ್ತದೆ.

ಸೈಡ್ ಸ್ಕ್ಯಾನ್ ಸೋನಾರ್ ಎಡಬಲಗಳಿಗೆ ಬೀಸಣಿಗೆಯಂತೆ ತರಂಗ ಹರಡಿ, ಪ್ರತಿಧ್ವನಿಗಳನ್ನು ಸಾಲುಸಾಲಾಗಿ ಜೋಡಿಸಿ ಚಿತ್ರ ಮೂಡಿಸುತ್ತದೆ. ಅಮೆರಿಕದ ಹಮ್ಮಿನ್‌ಬರ್ಡ್ ಸಂಸ್ಥೆ 2005ರಲ್ಲಿ ಇದನ್ನು ಸಣ್ಣ ದೋಣಿಗಳ ಫಿಶ್ ಫೈಂಡರ್‌ಗೆ ಅಳವಡಿಸಿತು. ಪರದೆಯ ನಡುವಿನ ಕಪ್ಪು ಪಟ್ಟಿ ನೀರಿನ ಆಳವನ್ನು ಸೂಚಿಸುತ್ತದೆ. ಗಟ್ಟಿ ನೆಲ ಬೆಳ್ಳಗೆ, ಹೂಳು ಮಬ್ಬಾಗಿ ತೋರುತ್ತದೆ. ಮೀನು ಬಿಳಿಯ ಚುಕ್ಕೆ. ಆದರೆ ಓದಬೇಕಾದದ್ದು ಅದರ ನೆರಳನ್ನು: ಚುಕ್ಕೆಗೂ ನೆರಳಿಗೂ ಅಂತರ ಹೆಚ್ಚಿದಷ್ಟೂ ಮೀನು ತಳದಿಂದ ಮೇಲಿದೆಯೆಂದು ಅರ್ಥ. ನೆರಳು ಅಂಟಿಕೊಂಡಿದ್ದರೆ ಅದು ಬಹುಶಃ ಬಂಡೆ ಅಥವಾ ಮರದ ಬೊಡ್ಡೆ, ಅಂದರೆ ಬಲೆ ಹರಿಯುವ ಜಾಗ. ಬಲೆಗಾರನಿಗೆ ಈ ತಿಳಿವಳಿಕೆಯೇ ಹೆಚ್ಚಿನ ಲಾಭವೆನ್ನಬೇಕು. ಕಾಟ್ಲಾವೋ ರೋಹುವೋ ಎಂಬುದನ್ನು ಯಂತ್ರ ಹೇಳಲಾರದು.

ತಳದಲ್ಲಿ ಬಿದ್ದ ವಸ್ತುವನ್ನು ಗುರುತಿಸುವ ಈ ಗುಣವೇ ಶೋಧಕಾರ್ಯಕ್ಕೂ ಆಧಾರ. 2018ರ ಡಿಸೆಂಬರ್‌ನಲ್ಲಿ ಏಳು ಮೀನುಗಾರರೊಡನೆ ಕಾಣೆಯಾದ ಮಲ್ಪೆಯ ‘ಸುವರ್ಣ ತ್ರಿಭುಜ’ ದೋಣಿಯ ಅವಶೇಷವನ್ನು ನೌಕಾಪಡೆಯು 2019ರ ಮೇ ತಿಂಗಳಲ್ಲಿ, ಹಡಗಿನ ಸೋನಾರ್ ನೆರವಿನಿಂದ, ಮಹಾರಾಷ್ಟ್ರದ ಮಾಲ್ವಣದಾಚೆ ಸುಮಾರು 60 ಮೀಟರ್ ಆಳದಲ್ಲಿ ಪತ್ತೆಹಚ್ಚಿತು.

ಸಣ್ಣ ದೋಣಿಯು ಗಂಟೆಗೆ ಐದಾರು ಕಿ.ಮೀ. ವೇಗದಲ್ಲಿ ನೇರವಾಗಿ ಸಾಗಬೇಕು. ತಿರುವಿನಲ್ಲಿ ಚಿತ್ರ ಸೊಟ್ಟಗಾಗುತ್ತದೆ. ಆದ್ದರಿಂದ ಸುತ್ತುತ್ತ ಸಾಗುವ ಹರಿಗೋಲಿಗೆ ಇದು ಒಗ್ಗುವುದಿಲ್ಲ.