ಟಾನ್ಸಿಲ್ ಉರಿಯೂತ: ಕಣ್ಣಳತೆಯ ನಿರ್ಣಯ ಮತ್ತು ಅದರ ಮಿತಿ

ನ್ಯೂಯಾರ್ಕಿನ ಸಾವಿರ ಶಾಲಾಮಕ್ಕಳ ಗಂಟಲನ್ನು ಪರಿಶೀಲಿಸಿದ ಅಧ್ಯಯನವೊಂದು 1934ರಲ್ಲಿ ಪ್ರಕಟವಾಯಿತು. 611 ಮಕ್ಕಳ ಟಾನ್ಸಿಲ್ ಆಗಲೇ ತೆಗೆದಾಗಿತ್ತು. ಉಳಿದ 389 ಮಕ್ಕಳಲ್ಲಿ 174 ಮಂದಿಗೆ ವೈದ್ಯರು ಶಸ್ತ್ರಚಿಕಿತ್ಸೆ ಸೂಚಿಸಿದರು. ಬೇಡವೆನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರು ನೋಡಿದಾಗ 99 ಮಂದಿಗೆ ಬೇಕೆಂದಾಯಿತು. ಮತ್ತೆ ಉಳಿದ 116ರಲ್ಲಿ 51 ಮಂದಿಗೆ. ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಅದೇ ಪ್ರಮಾಣ! ರೋಗವನ್ನಲ್ಲ, ವೈದ್ಯರ ರೂಢಿಯನ್ನೇ ಈ ಅಂಕಿಗಳು ಅಳೆದಿವೆ ಎನ್ನಬೇಕು. ಎಳೆಯ ಮಕ್ಕಳ ಟಾನ್ಸಿಲ್ ದಪ್ಪಗಿರುವುದು ಸಹಜ; ಹರೆಯದ ಹೊತ್ತಿಗೆ ಅದು ತಾನಾಗಿ ಕುಗ್ಗುತ್ತದೆ.

ಔಷಧದ ವಿಷಯದಲ್ಲೂ ಕಣ್ಣನ್ನೇ ನಂಬುವಂತಿಲ್ಲ. ಗಂಟಲುನೋವು ಬಹುಪಾಲು ವೈರಸ್‌ನಿಂದ ಬರುತ್ತದೆ. ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಕಾರಣವಾಗಿರುವುದು ಮಕ್ಕಳಲ್ಲಿ ಸುಮಾರು ಶೇ. 20–30, ವಯಸ್ಕರಲ್ಲಿ ಶೇ. 5–15 ಮಾತ್ರ. ಜ್ವರ, ಟಾನ್ಸಿಲ್ ಮೇಲೆ ಬಿಳಿ ಲೇಪ, ಕತ್ತಿನ ಮುಂಭಾಗದಲ್ಲಿ ನೋಯುವ ಗಂಟು, ಕೆಮ್ಮಿಲ್ಲದಿರುವುದು: 1981ರ ಸೆಂಟರ್ ಸೂತ್ರದ ಈ ನಾಲ್ಕೂ ಲಕ್ಷಣ ಕೂಡಿದರೂ ಸ್ಟ್ರೆಪ್ಟೊಕಾಕಸ್ ಇರುವ ಸಂಭವ ಅರ್ಧದಷ್ಟೇ. ಗಂಟಲಿನ ಸ್ರಾವದ ಪರೀಕ್ಷೆಯೇ ನಿರ್ಣಾಯಕ. ಗಂಟಲುನೋವು ಶುರುವಾದ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೂ ಸಂಧಿವಾತ ಜ್ವರವನ್ನು ತಡೆಯಬಹುದಾದ್ದರಿಂದ, ವರದಿಗಾಗಿ ಎರಡು ದಿನ ಕಾಯುವುದರಲ್ಲಿ ಅಪಾಯವಿಲ್ಲ. ಸಂಧಿವಾತ ಜ್ವರದಿಂದ ಹೃದಯ ಕವಾಟ ಕೆಡುವುದು ಇನ್ನೂ ನಿಂತಿರದ ನಮ್ಮ ದೇಶದಲ್ಲಿ, ಸ್ಟ್ರೆಪ್ಟೊಕಾಕಸ್ ಖಚಿತವಾದ ಮಗುವಿಗೆ ಜ್ವರ ಇಳಿಯಿತೆಂದು ಮೂರನೇ ದಿನಕ್ಕೇ ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಹತ್ತು ದಿನದ ಪೂರ್ತಿ ಔಷಧ ಬೇಕು. ಬಾಯಿ ತೆರೆಯಲಾಗದಿದ್ದರೆ, ಜೊಲ್ಲು ಸುರಿದರೆ, ಒಂದೇ ಬದಿ ಊದಿ ದನಿ ಬದಲಾದರೆ ಮಾತ್ರ ಕಾಯಕೂಡದು. ಅದು ಕೀವು ಕಟ್ಟಿರುವ ಸೂಚನೆ.

ಶಸ್ತ್ರಚಿಕಿತ್ಸೆಗೆ ಇಂದಿಗೂ ಆಧಾರವಾಗಿರುವುದು ಜ್ಯಾಕ್ ಪ್ಯಾರಡೈಸ್ ಮತ್ತು ಸಂಗಡಿಗರ 1984ರ ಮಾನದಂಡ: ಒಂದು ವರ್ಷದಲ್ಲಿ ಏಳು ಸಲ, ಇಲ್ಲವೇ ಎರಡು ವರ್ಷ ಸತತ ವರ್ಷಕ್ಕೆ ಐದು ಸಲ, ಇಲ್ಲವೇ ಮೂರು ವರ್ಷ ವರ್ಷಕ್ಕೆ ಮೂರು ಸಲ. ಅದಕ್ಕೂ ಮೊದಲು, 1978ರಲ್ಲಿ, ಅವರು ಇನ್ನೊಂದು ಕುತೂಹಲದ ಸಂಗತಿ ತೋರಿಸಿದ್ದರು. ಪದೇ ಪದೇ ಗಂಟಲುನೋವೆಂದು ಹೇಳಿದರೂ ದಾಖಲೆಯಿಲ್ಲದ 65 ಮಕ್ಕಳನ್ನು ಗಮನಿಸುತ್ತ ಹೋದಾಗ, ಹೇಳಿಕೆಗೆ ತಕ್ಕ ಕಾಯಿಲೆ ಕಂಡುಬಂದದ್ದು 11 ಮಕ್ಕಳಲ್ಲಿ. ಪೋಷಕರು ಸುಳ್ಳು ಹೇಳಿದರೆಂದಲ್ಲ, ನೆನಪು ಹಾಗೆಯೇ. ನಿದ್ದೆಯಲ್ಲಿ ಉಸಿರು ಕಟ್ಟುವ ಮಕ್ಕಳಿಗೆ ಈ ಲೆಕ್ಕ ಅನ್ವಯಿಸದು.

ವಯಸ್ಕರ ಮಾತು ಬೇರೆ. ಬ್ರಿಟನ್ನಿನಲ್ಲಿ 453 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷಗಳ ಗಂಟಲುನೋವಿನ ದಿನಗಳ ಮಧ್ಯಾಂಕ ಶಸ್ತ್ರಚಿಕಿತ್ಸೆಯವರಲ್ಲಿ 23, ಇತರರಲ್ಲಿ 30. ಲಾಭ ನಿಜ, ಆದರೆ ಅಗಾಧವಲ್ಲ.

ಆದ್ದರಿಂದ ಹೊರರೋಗಿ ಚೀಟಿಯಲ್ಲಿ ಪ್ರತಿ ಸಲದ ದಿನಾಂಕ, ಜ್ವರ, ಪರೀಕ್ಷೆಯ ಫಲಿತಾಂಶಗಳನ್ನು ವೈದ್ಯರು ತಪ್ಪದೆ ಬರೆಯಬೇಕು, ಪೋಷಕರು ಆ ಚೀಟಿಗಳನ್ನು ಜೋಪಾನ ಮಾಡಬೇಕು.