ವೈರಿಗಳ ಮನೆಯಲ್ಲಿ ಒಂದು ವರ್ಷ

ಜರ್ಮನಿಯ ಹತ್ತನೆಯ ತರಗತಿಯ ಆಸುಪಾಸಿನ ಹುಡುಗ ಹುಡುಗಿಯರಲ್ಲಿ ಸಾವಿರಾರು ಮಂದಿ ಪ್ರತಿವರ್ಷವೂ ಒಂದು ವಿಚಿತ್ರವಾದ ಪತ್ರ ಬರೆಯುತ್ತಾರೆ. ಅದು ಯಾರ ಕೈ ಸೇರುವುದೆಂಬುದು ಬರೆದವರಿಗೇ ಗೊತ್ತಿರುವುದಿಲ್ಲ. ತಮ್ಮ ಮನೆ, ತಂದೆತಾಯಿ, ಊಟದಲ್ಲಿ ಬೇಕು ಬೇಡ, ಆಟಪಾಠ ಎಲ್ಲವನ್ನೂ ವಿವರಿಸಿ, ‘ನನ್ನನ್ನು ಒಂದು ವರ್ಷ ನಿಮ್ಮ ಮನೆಯ ಮಗುವಾಗಿ ಇಟ್ಟುಕೊಳ್ಳುವಿರಾ?’ ಎಂದು ಸಮುದ್ರದಾಚೆಯ ಅಪರಿಚಿತ ಕುಟುಂಬವೊಂದನ್ನು ಕೇಳುವ ಪತ್ರ ಅದು. ಅನೇಕರ ಕಣ್ಣು ಅಮೆರಿಕದ ಮೇಲೆ.

ಈ ಪದ್ಧತಿಯ ಬೇರನ್ನು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ಯುದ್ಧಭೂಮಿಯಲ್ಲಿ. 1945ರಲ್ಲಿ ಜರ್ಮನಿಯನ್ನು ಗೆದ್ದು ಒಳಹೊಕ್ಕ ಅಮೆರಿಕದ ಸೈನಿಕರಿಗೆ ಕಟ್ಟುನಿಟ್ಟಾದ ಆಜ್ಞೆಯಿತ್ತು: ಜರ್ಮನರ ಕೈ ಕುಲುಕಬಾರದು, ಅವರ ಮನೆಗೆ ಹೋಗಬಾರದು, ಸ್ನೇಹ ಬೆಳೆಸಬಾರದು. ಆದರೆ ಬೀದಿಯ ಮಕ್ಕಳು ಬಂದು ಮುತ್ತಿಕೊಂಡರೆ ಯಾವ ಸಿಪಾಯಿ ತಾನೆ ಮುಖ ತಿರುಗಿಸಿಯಾನು? ಆ ವರ್ಷದ ಜೂನ್ ತಿಂಗಳಲ್ಲೇ ಚಿಕ್ಕ ಮಕ್ಕಳ ಮಟ್ಟಿಗೆ ಆಜ್ಞೆಯನ್ನು ಸಡಿಲಿಸಬೇಕಾಯಿತು. ಅಕ್ಟೋಬರ್ ಹೊತ್ತಿಗೆ ಆಜ್ಞೆಯೇ ಬಿದ್ದುಹೋಯಿತು.

ಅತ್ತ ಅಮೆರಿಕದಲ್ಲಿ ಸ್ಟೀಫನ್ ಗಲಾಟಿ ಎಂಬವರಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕನ್ ಫೀಲ್ಡ್ ಸರ್ವಿಸ್ ಎಂಬ ಸ್ವಯಂಸೇವಕರ ಆಂಬುಲೆನ್ಸ್ ದಳದವರು. ಎರಡನೆಯ ಯುದ್ಧದಲ್ಲಿ ಅದರ ಮುಖ್ಯಸ್ಥರು. ಶಾಂತಿ ಬಂದ ಮೇಲೆ ದಳಕ್ಕೇನು ಕೆಲಸ? ಗಾಯಾಳುಗಳ ಬದಲು ವಿದ್ಯಾರ್ಥಿಗಳನ್ನು ಸಾಗಿಸೋಣವೆಂದು ಅವರು ಹೊರಟರು. 1947ರಲ್ಲಿ ಹತ್ತು ದೇಶಗಳ 52 ವಿದ್ಯಾರ್ಥಿಗಳು ಬಂದರು. ಅವರಲ್ಲಿ ಜರ್ಮನರಿರಲಿಲ್ಲ. ಅವರ ಸರದಿ ಬಂದದ್ದು ಅನಂತರ.

ನಮ್ಮ ಮನಸ್ಸನ್ನು ಹೆಚ್ಚು ಹಿಡಿದು ನಿಲ್ಲಿಸುವುದು 1951ನೆಯ ಇಸವಿ. ಆ ವರ್ಷ ಜರ್ಮನಿಯಿಂದ ಸುಮಾರು 75 ಮಂದಿ ಎಳೆಯರು ಮಿಷಿಗನ್ ರಾಜ್ಯದ ಮನೆಗಳಿಗೆ ಬಂದಿಳಿದರು. ಮನೆಗಳನ್ನು ಹುಡುಕುವ ಕೆಲಸದ ಮುಂದಾಳು ಆನ್ ಆರ್ಬರ್ ಊರಿನಲ್ಲಿ ಚರ್ಚುಗಳ ಸಂಘಟನೆಯಲ್ಲಿ ದುಡಿಯುತ್ತಿದ್ದ ರೇಚಲ್ ಆಂಡ್ರೆಸನ್ ಎಂಬ ಮಹಿಳೆ. ‘ಯೂತ್ ಫಾರ್ ಅಂಡರ್‌ಸ್ಟ್ಯಾಂಡಿಂಗ್’ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಬಂದ ಮಕ್ಕಳ ವಯಸ್ಸನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಅಕ್ಷರ ಕಲಿತದ್ದು ಹಿಟ್ಲರನ ಕಾಲದ ಶಾಲೆಯಲ್ಲಿ. ಬಾಂಬಿನ ಕೆಳಗೆ ಕಳೆದದ್ದು ಬಾಲ್ಯ. ಬಾಂಬು ಹಾಕಿದ ವಿಮಾನಗಳಲ್ಲಿ ಅಮೆರಿಕದವೂ ಇದ್ದವು. ಆರೇ ವರ್ಷಗಳ ಅನಂತರ ಅದೇ ದೇಶದ ಗೃಹಿಣಿಯೊಬ್ಬಳು ಊಟ ಬಡಿಸಿ ‘ಇನ್ನಷ್ಟು ಹಾಕಲೇ?’ ಎನ್ನುತ್ತಾಳೆ. ಆಕೆಯ ಬೀದಿಯಲ್ಲೂ ಮಗನನ್ನು ಯೂರೋಪಿನ ಮಣ್ಣಿನಲ್ಲಿ ಕಳೆದುಕೊಂಡ ಮನೆಗಳಿದ್ದಿರಬೇಕು. ಇತ್ತ ಅಂಥ ಮನೆಗೆ ಮಗಳನ್ನು ಕಳುಹಿಸಿಕೊಟ್ಟ ಜರ್ಮನ್ ತಾಯಿಯ ಎದೆಗಾರಿಕೆಯೂ ಸಾಮಾನ್ಯವಲ್ಲ.

ನಮ್ಮ ಕಡೆ ವಾರಾನ್ನದಲ್ಲಿ ಓದಿದ ಹಿರಿಯರ ಕಥೆ ಎಲ್ಲರೂ ಕೇಳಿದವರೇ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಉಂಡ ಹುಡುಗನಿಂದ ಯಾರೂ ದುಡ್ಡು ಕೇಳಲಿಲ್ಲ. ಅಮೆರಿಕದಲ್ಲಿಯೂ ಈ ಮನೆಯವರಿಗೆ ಸಂಬಳವಿಲ್ಲ. ತೆರಿಗೆ ಲೆಕ್ಕದಲ್ಲಿ ತಿಂಗಳಿಗೆ 50 ಡಾಲರ್‌ವರೆಗಿನ ಖರ್ಚನ್ನು ದಾನವೆಂದು ಕಳೆಯಲು ಅವಕಾಶವಿದೆ, ಅಷ್ಟೆ. ಫೈಲುಗಳ ನಡುವೆ ಆಯುಷ್ಯ ಸವೆಸುವ ನಮ್ಮಂಥವರಿಗೆ ಈ ಅಂಕಿ ನಗು ತರಿಸುತ್ತದೆ. ಹದಿನಾರರ ಹುಡುಗನೊಬ್ಬನ ಹಸಿವು 50 ಡಾಲರಿಗೆ ತೀರುವುದುಂಟೆ!

1983ರಲ್ಲಿ ಸರ್ಕಾರಗಳೂ ಕೈಹಾಕಿದವು. 1683ರಲ್ಲಿ ಕ್ರೆಫೆಲ್ಡ್ ಊರಿನ 13 ಕುಟುಂಬಗಳು ಫಿಲಡೆಲ್ಫಿಯಾಕ್ಕೆ ಹಡಗಿನಲ್ಲಿ ಹೋಗಿ ನೆಲಸಿದ್ದರ 300ನೆಯ ವರ್ಷ ಅದು. ಅಮೆರಿಕದ ಕಾಂಗ್ರೆಸ್ಸೂ ಜರ್ಮನಿಯ ಬುಂಡೆಸ್ಟಾಗೂ ಸೇರಿ ವಿದ್ಯಾರ್ಥಿವೇತನದ ಯೋಜನೆ ಹೂಡಿದವು. ಹಬ್ಬದ ನೆಪವೊಂದೇ ಆಗಿರಲಿಲ್ಲವೆಂದು ನಮ್ಮ ಅಭಿಪ್ರಾಯ. ಅಮೆರಿಕದ ಪರ್ಷಿಂಗ್ ಕ್ಷಿಪಣಿಗಳು ಬೇಡವೆಂದು ಲಕ್ಷಾಂತರ ಜರ್ಮನರು, ಅದರಲ್ಲೂ ತರುಣರು, ಅದೇ ವರ್ಷ ಬೀದಿಗಿಳಿದಿದ್ದರು. ಹಸಿವಿನಲ್ಲಿ ಅಮೆರಿಕದ ಹಾಲಿನ ಪುಡಿ ಕಂಡವರ ಮಕ್ಕಳು ಅಮೆರಿಕವನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದರು. ಈ ಯೋಜನೆಯಲ್ಲಿ ಆಯ್ಕೆಯಾದ ಪ್ರತಿ ವಿದ್ಯಾರ್ಥಿಗೆ ಸಂಸತ್ ಸದಸ್ಯರೊಬ್ಬರು ಪೋಷಕರಾಗುತ್ತಾರೆ. ಪೂರ್ವ ಜರ್ಮನಿಯ ಮಕ್ಕಳಿಗೆ ಮಾತ್ರ, 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬೀಳುವ ತನಕ ಇದೆಲ್ಲ ಕನಸಿನ ಮಾತು.

ವಿದ್ಯಾರ್ಥಿವೇತನ ಸಿಗದವರ ತಂದೆತಾಯಿ ಇಂದು ಅಮೆರಿಕದ ವರ್ಷಕ್ಕೆ ಸಾಮಾನ್ಯವಾಗಿ ಹತ್ತು ಸಾವಿರ ಯೂರೋಗಿಂತ ಹೆಚ್ಚು ತೆರಬೇಕು. ಹಣ ಕಟ್ಟಿ, ಸಂದರ್ಶನ ಮುಗಿಸಿದರೂ ಒಂದು ವಿಷಯ ಯಾರ ಕೈಯಲ್ಲೂ ಇಲ್ಲ. ಯಾವುದಾದರೂ ಮನೆ ಒಪ್ಪಬೇಕು. ಮನೆ ನಿಶ್ಚಯವಾಗದೆ ವಿಮಾನ ಹತ್ತುವಂತಿಲ್ಲ. ಜುಲೈ ಕಳೆದು ಆಗಸ್ಟ್ ಬಂದರೂ ಉತ್ತರ ಬಾರದೆ, ಪೆಟ್ಟಿಗೆ ಅರ್ಧ ತುಂಬಿಸಿಟ್ಟುಕೊಂಡು ಕಾಯುವ ಮಕ್ಕಳಿರುತ್ತಾರೆ. ಅಷ್ಟರಲ್ಲಿ ಒಂದು ದಿನ, ನಕ್ಷೆಯಲ್ಲಿ ಹುಡುಕಬೇಕಾದ ಸಣ್ಣ ಊರೊಂದರ ಹೆಸರು ಬರುತ್ತದೆ.